ನೋಹನ ವಂಶಾವಳಿಯಲ್ಲಿ ಕನ್ನಡಿಗರು

ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫೆರಿಶ್ತಾ 17ನೇ ಶತಮಾನದ ಆರಂಭದಲ್ಲಿ ತನ್ನ ಫಾರಸಿ ಗ್ರಂಥವನ್ನು ದೊರೆಗೆ ಅರ್ಪಿಸಿದ. ಅದರ ಪೀಠಿಕೆಯಲ್ಲಿ ಒಂದು ವಂಶಾವಳಿ ಇದೆ. ಮಹಾಪ್ರಳಯ ಇಳಿದ ಮೇಲೆ ಪ್ರವಾದಿ ನೋಹನ ಮಕ್ಕಳು ಭೂಮಿಯ ಬೇರೆ ಬೇರೆ ದಿಕ್ಕುಗಳಿಗೆ ಹರಡಿಕೊಂಡರು. ನೋಹನ ಮಗ ಹಾಮ್, ಹಾಮನ ಮಗ ಹಿಂದ್, ಹಿಂದನ ಮಗ ದಖನ್. ದಖನನಿಗೆ ಮರ್ಹಟ, ಕನ್ಹರ, ತಿಲಂಗ ಎಂದು ಮೂವರು ಮಕ್ಕಳು. ಮರಾಠಿ, ಕನ್ನಡ, ತೆಲುಗು ನಾಡುಗಳು ಈ ಮೂವರ ಪಾಲಿಗೆ ಬಂದವು. ಹೀಗೆ ಫೆರಿಶ್ತಾನ ಲೆಕ್ಕದಲ್ಲಿ ಕನ್ನಡಿಗರೂ ನೋಹನ ಸಂತತಿ.

ಇತಿಹಾಸವಾಗಿ ಈ ವಂಶಾವಳಿಗೆ ಬೆಲೆಯಿಲ್ಲ, ಅದು ಕಟ್ಟುಕತೆ. ಆದರೆ ಆ ಕತೆ ಎಲ್ಲಿಂದ ಬಂತು ಎಂಬುದು ಮುಖ್ಯ. ನೋಹ ಕುರಾನಿನಲ್ಲಿ ನೂಹ್ ಎಂಬ ಪ್ರವಾದಿಯಾಗಿದ್ದಾನೆ, ಹಡಗೂ ಪ್ರಳಯವೂ ಇವೆ. ಆದರೆ ಶೇಮ್, ಹಾಮ್, ಯೆಫೆತ್ ಎಂಬ ಮೂವರು ಮಕ್ಕಳ ಹೆಸರು ಅಲ್ಲಿಲ್ಲ. ಅವು ಇರುವುದು ಯೆಹೂದ್ಯರ ತೋರಾದ ಮೊದಲ ಪುಸ್ತಕ ಆದಿಕಾಂಡದಲ್ಲಿ. ಅದೇ ಪುಸ್ತಕ ಕ್ರೈಸ್ತರ ಬೈಬಲಿಗೂ ಮೊದಲನೆಯದು. ಅಲ್ಲಿಂದ ಅರಬ್ಬಿ, ಫಾರಸಿ ಇತಿಹಾಸಕಾರರ ಕೈಗೆ ಬಂದ ಈ ಹೆಸರುಗಳು ಕೊನೆಗೆ ವಿಜಯಪುರದ ಅರಮನೆಯಲ್ಲಿ ಕನ್ನಡ ನಾಡಿನ ಹುಟ್ಟಿಗೆ ವಿವರಣೆಯಾದವು. ಇಸ್ಲಾಮಿ ವಿದ್ವಾಂಸರು ಇಂಥ ಎರವಲು ಕತೆಗಳನ್ನು ‘ಇಸ್ರಾಯೀಲಿಯಾತ್’ ಎಂದು ಕರೆದರು. ಕೆಲವರು ಅವನ್ನು ಸಂಶಯದಿಂದ ಕಂಡರು, ಹಲವರು ಧಾರಾಳವಾಗಿ ಬಳಸಿಕೊಂಡರು. ಮೂರೂ ಧರ್ಮಗಳು ತಮ್ಮ ತಮ್ಮ ಗೋಡೆಯೊಳಗೆ, ಒಂದರ ಗಾಳಿ ಇನ್ನೊಂದಕ್ಕೆ ಸೋಕದಂತೆ ಬೆಳೆದವು ಎಂಬ ತಿಳಿವಳಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಆದಿಲ್‌ಶಾಹಿ ಅರಸರ ಹೆಸರುಗಳನ್ನೇ ನೋಡಬಹುದು. ಮನೆತನದ ಮೂಲಪುರುಷ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ. ಬೈಬಲಿನಲ್ಲಿ ಇವರು ಯೋಸೇಫ, ಇಷ್ಮಾಯೇಲ, ಅಬ್ರಹಾಮ. ಕುರಾನಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಹೆಸರು ಬರುವುದು ಮೂಸಾನದು, ಎಂದರೆ ಯೆಹೂದ್ಯರ ಮೋಶೆಯದು. ಅಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಒಬ್ಬಳೇ, ಯೇಸುವಿನ ತಾಯಿ ಮರ್ಯಮ್. ಹತ್ತೊಂಬತ್ತನೆಯ ಅಧ್ಯಾಯಕ್ಕೆ ಅವಳ ಹೆಸರೇ ಇದೆ. ‘ಅಲ್ಲಾಹ್’ ಮುಸ್ಲಿಮರ ಬೇರೆಯೇ ದೇವರು ಎಂಬ ಮಾತೂ ನಿಲ್ಲುವುದಿಲ್ಲ. ಅರಬ್ಬಿ ಮಾತನಾಡುವ ಕ್ರೈಸ್ತರು ಇಂದಿಗೂ ಚರ್ಚಿನ ಪ್ರಾರ್ಥನೆಯಲ್ಲಿ ದೇವರನ್ನು ಕರೆಯುವುದು ಅದೇ ಪದದಿಂದ.

ಹಾಗೆಂದು ಮೂರೂ ಒಂದೇ ಎನ್ನುವುದು ಇನ್ನೊಂದು ತುದಿಯ ತಪ್ಪು. ಯೇಸು ದೇವರ ಮಗ, ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದವನು ಎಂಬುದು ಕ್ರೈಸ್ತ ನಂಬಿಕೆಯ ನಡುಗಂಬ. ಕುರಾನಿಗೆ ಆತ ಕನ್ಯೆಯ ಮಗ, ದೊಡ್ಡ ಪ್ರವಾದಿ. ಆದರೆ ದೇವರ ಮಗನಲ್ಲ, ಶತ್ರುಗಳು ಆತನನ್ನು ಶಿಲುಬೆಗೇರಿಸಲೂ ಇಲ್ಲ. ಯೆಹೂದ್ಯರಿಗೆ ಆತ ಪ್ರವಾದಿಯೂ ಅಲ್ಲ, ಅವರು ಕಾಯುತ್ತಿರುವ ಮೆಸ್ಸೀಯನೂ ಅಲ್ಲ. ಬಕ್ರೀದಿನ ಹಿಂದಿರುವ ಬಲಿಯ ಕತೆಯೂ ಮೂವರದು. ಅಬ್ರಹಾಮ ಬಲಿ ಕೊಡಲು ಕರೆದೊಯ್ದದ್ದು ಇಸಾಕನನ್ನು ಎನ್ನುತ್ತದೆ ಆದಿಕಾಂಡ. ಕುರಾನಿನ ಕತೆಯಲ್ಲಿ ಮಗನ ಹೆಸರಿಲ್ಲ. ಅವನು ಇಸ್ಮಾಯಿಲ್ ಎಂಬ ಅಭಿಪ್ರಾಯ ನೆಲೆಗೊಂಡದ್ದು ನಿಧಾನವಾಗಿ; ಹತ್ತನೇ ಶತಮಾನದ ದೊಡ್ಡ ವ್ಯಾಖ್ಯಾನಕಾರ ತಬರಿ ಇಸಾಕನ ಪಕ್ಷದಲ್ಲಿದ್ದ.

ಯೆಹೂದ್ಯ ಧರ್ಮ ತಾಯಿ, ಉಳಿದೆರಡು ಮಕ್ಕಳು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ರೂಢಿಯಾಗಿದೆ. ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಜೆರುಸಲೇಮಿನ ದೇವಾಲಯದಲ್ಲಿ ಪುರೋಹಿತರು ಪಶುಬಲಿ ಕೊಡುತ್ತಿದ್ದ ಹಳೆಯ ಪದ್ಧತಿ ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದಾಗ ಮುಗಿಯಿತು. ರಬ್ಬಿಗಳು, ಪ್ರಾರ್ಥನಾಮಂದಿರ, ಅಧ್ಯಯನಗಳ ಸುತ್ತ ಬೆಳೆದ, ಇಂದು ಕಾಣುವ ಯೆಹೂದ್ಯ ಧರ್ಮ ರೂಪುಗೊಂಡದ್ದು ಅದರ ನಂತರ. ಅದರ ಮೊದಲ ದೊಡ್ಡ ಸಂಕಲನ ಮಿಶ್ನಾ ಸಿದ್ಧವಾದದ್ದು ಸುಮಾರು 200ರಲ್ಲಿ. ಕ್ರೈಸ್ತ ಧರ್ಮ ಕಣ್ಣುಬಿಟ್ಟದ್ದೂ ಇದೇ ಕಾಲದಲ್ಲಿ, ಇದೇ ಜನರ ನಡುವೆ. ಯೇಸುವೂ ಆತನ ಮೊದಲ ಶಿಷ್ಯರೂ ಯೆಹೂದ್ಯರೇ. ಆದ್ದರಿಂದ ಇವೆರಡನ್ನು ತಾಯಿ-ಮಗಳು ಎನ್ನುವುದಕ್ಕಿಂತ ಅಕ್ಕ-ತಂಗಿ ಎನ್ನುವುದು ಸರಿ.

ಯೇಸುವನ್ನು ಕೊಂದವರು ಯೆಹೂದ್ಯರು ಎಂಬ ಆರೋಪ ಈ ಎಲ್ಲ ತಪ್ಪು ತಿಳಿವಳಿಕೆಗಳಲ್ಲಿ ಅತಿ ಹೆಚ್ಚು ರಕ್ತ ಹರಿಸಿದ್ದು. ಶಿಲುಬೆ ರೋಮನ್ನರ ದಂಡನೆ; ಆಜ್ಞೆ ಕೊಟ್ಟವನು ರೋಮನ್ ಅಧಿಕಾರಿ ಪೊಂತಿಯ ಪಿಲಾತ. ಒಂದು ಜನಾಂಗದ ಮೇಲೆ ತಲೆಮಾರುಗಟ್ಟಲೆ ಹೊರಿಸಿದ ಈ ಅಪರಾಧವನ್ನು ಕ್ಯಾಥೊಲಿಕ್ ಚರ್ಚ್ ಅಧಿಕೃತವಾಗಿ ತಳ್ಳಿಹಾಕಿದ್ದು 1965ರಲ್ಲಿ.

ಯೆಹೂದ್ಯರಿಗೂ ಮುಸ್ಲಿಮರಿಗೂ ಮೊದಲಿಂದಲೂ ಹಗೆ ಎಂಬ ನಂಬಿಕೆ ಇಂದಿನ ಸುದ್ದಿಗಳಿಂದ ಬಂದದ್ದು. ಇದಕ್ಕೆ ಉತ್ತರದ ಒಂದು ತುಣುಕು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳ ಮೊಹರಂ ಹಬ್ಬದಲ್ಲೇ ಸಿಗುತ್ತದೆ. ಇಲ್ಲಿ ಅಲಾಯಿ ದೇವರುಗಳನ್ನು ಕೂಡಿಸುವುದು, ಅಲಾಯಿ ಕುಣಿಗೆ ಬೆಂಕಿ ಹಾಕುವುದು, ಹರಕೆ ಹೊತ್ತವರು ಫಕೀರರಾಗುವುದು, ಸಕ್ಕರೆ ಓದಿಸುವುದು, ಚೊಂಗೆ ಮಾಡುವುದು ಊರಿನ ಎಲ್ಲ ಜಾತಿಯವರ ಕೆಲಸ. ಕತಲ್ ರಾತ್ರಿಯಿಡೀ ರಿವಾಯತ್ ಪದಗಳಲ್ಲಿ ಹಾಡಾಗುವುದು 680ರಲ್ಲಿ ಕರ್ಬಲಾದಲ್ಲಿ ಮಡಿದ ಪ್ರವಾದಿಯ ಮೊಮ್ಮಗ ಹುಸೇನನ ಕತೆ. ಆದರೆ ಮೊಹರಂ ಹತ್ತನೆಯ ದಿನದ ಉಪವಾಸಕ್ಕೆ ಕರ್ಬಲಾಕ್ಕಿಂತ ಹಳೆಯದಾದ ಇನ್ನೊಂದು ಕಾರಣವಿದೆ. ಪ್ರವಾದಿ ಮಹಮ್ಮದರು ಮದೀನಾಕ್ಕೆ ಬಂದಾಗ ಅಲ್ಲಿನ ಯೆಹೂದ್ಯರು ಆ ದಿನ ಉಪವಾಸವಿದ್ದರು. ಕೇಳಿದಾಗ, ಮೋಶೆ ಫರೋಹನ ಕೈಯಿಂದ ಪಾರಾದ ದಿನವಿದು ಎಂದರು. ಪ್ರವಾದಿಗಳೂ ಆ ಉಪವಾಸವನ್ನು ಹಿಡಿದರು ಎಂದು ಹದೀಸ್‌ಗಳು ಹೇಳುತ್ತವೆ. ಸುನ್ನಿ ಮನೆಗಳಲ್ಲಿ ಈ ಉಪವಾಸ ಇಂದಿಗೂ ಇದೆ. ಮೊಹರಂ ಶಿಯಾಗಳ ಹಬ್ಬ ಮಾತ್ರ, ಸುನ್ನಿಗಳಿಗೆ ಸಂಬಂಧವಿಲ್ಲ ಎನ್ನುವವರಿಗೂ ಇಲ್ಲಿ ಉತ್ತರವಿದೆ. ಆದಿಲ್‌ಶಾಹಿ ಅರಮನೆಯೇ ಎರಡು ಪಂಥಗಳ ನಡುವೆ ಓಲಾಡಿತ್ತು: ಯೂಸುಫ್ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ, ಮೊದಲ ಇಬ್ರಾಹಿಂ ಅದನ್ನು ಸುನ್ನಿಗೆ ತಿರುಗಿಸಿದ, ಮೊದಲ ಅಲಿ ಮತ್ತೆ ಶಿಯಾಕ್ಕೆ ತಂದ.

ಹಗೆಯ ಕತೆಗೆ ಇನ್ನೂ ಗಟ್ಟಿಯಾದ ಉತ್ತರ ಮಂಗಳೂರಿನಲ್ಲಿದೆ. ಇಂದಿನ ಟ್ಯುನಿಸಿಯಾದ ಮಹ್ದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ 1132ರ ಹೊತ್ತಿಗೆ ಅಲ್ಲಿ ನೆಲೆಸಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಅಡಿಕೆ, ಕಬ್ಬಿಣವನ್ನು ಅಡೆನ್ನಿಗೆ ಕಳಿಸಿದ. ಅಶು ಎಂಬ ಸ್ಥಳೀಯ ದಾಸಿಗೆ 1132ರ ಅಕ್ಟೋಬರಿನಲ್ಲಿ ಬಿಡುಗಡೆಯ ಪತ್ರ ಬರೆದುಕೊಟ್ಟು ಅವಳೊಂದಿಗೆ ಬಾಳಿದ, ಮಕ್ಕಳಾದವು. ಬೊಮ್ಮ ಎಂಬ ಆಳು ಅವನ ಸರಕಿನೊಂದಿಗೆ ಕಡಲು ದಾಟಿ ಅಡೆನ್ನಿಗೆ ಹೋಗಿಬರುತ್ತಿದ್ದ. ಅಡೆನ್ನಿನ ಯೆಹೂದ್ಯ ವ್ಯಾಪಾರಿಗಳ ಮುಖ್ಯಸ್ಥ ಮದ್ಮೂನ್ ಬೆನ್ ಯಿಜುವಿಗೆ ಕಾಗದ ಬರೆಯುತ್ತಿದ್ದ, ಜೊತೆಗೆ ಒಣದ್ರಾಕ್ಷಿ, ಬಾದಾಮಿ, ಬರೆಯಲು ಹಾಳೆ ಕಳಿಸುತ್ತಿದ್ದ. ಅದೇ ಮದ್ಮೂನ್ ಅಡೆನ್ನಿನ ಮುಸ್ಲಿಂ ಅಧಿಕಾರಿಯೊಂದಿಗೆ ಹಡಗಿನ ವ್ಯಾಪಾರದಲ್ಲಿ ಪಾಲುದಾರನಾಗಿದ್ದ. ಇವರ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂಬ ನಿಯಮದಿಂದಾಗಿ ಇವು ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಉಳಿದುಕೊಂಡವು. ಇವುಗಳ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಈ ಕಾಲವನ್ನು ಸುವರ್ಣಯುಗ ಮಾಡುವುದೂ ತಪ್ಪೇ. ಮುಸ್ಲಿಂ ಅರಸರ ಕೆಳಗೆ ಯೆಹೂದ್ಯರೂ ಕ್ರೈಸ್ತರೂ ‘ಗ್ರಂಥವುಳ್ಳ ಜನ’ರಾಗಿ ರಕ್ಷಣೆ ಪಡೆದರು, ಆದರೆ ಜಿಜಿಯಾ ತೆತ್ತು, ಎರಡನೆಯ ದರ್ಜೆಯವರಾಗಿ. ಮದೀನಾದಲ್ಲೇ ಪ್ರವಾದಿಗಳಿಗೂ ಅಲ್ಲಿನ ಯೆಹೂದ್ಯ ಬಣಗಳಿಗೂ ಯುದ್ಧವಾಗಿ ಕೆಲವು ಬಣಗಳು ಊರು ಬಿಟ್ಟವು, ಒಂದು ಬಣದ ಗಂಡಸರು ಹತರಾದರು. ಬೆನ್ ಯಿಜು ಮಂಗಳೂರಿನಲ್ಲಿದ್ದಾಗಲೇ ಅವನ ಹುಟ್ಟೂರನ್ನು ಸಿಸಿಲಿಯ ಕ್ರೈಸ್ತ ಸೇನೆ ಹಿಡಿಯಿತು. ಉತ್ತರ ಆಫ್ರಿಕದಲ್ಲಿ ಅಲ್‌ಮೊಹಾದ್ ಮುಸ್ಲಿಂ ಅರಸರು ಯೆಹೂದ್ಯರನ್ನು ಮತಾಂತರಕ್ಕೆ ಒತ್ತಾಯಿಸುತ್ತಿದ್ದರು. ಅದೇ ಅಲ್‌ಮೊಹಾದರ ಕಾಟಕ್ಕೆ ಸ್ಪೇನ್ ಬಿಟ್ಟ ಮನೆತನದ ಮೈಮೊನಿಡೀಸ್ ಈಜಿಪ್ಟಿನಲ್ಲಿ ಸುಲ್ತಾನ್ ಸಲಾದೀನನ ಆಸ್ಥಾನದ ವೈದ್ಯನಾದ. ಅವನ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಒಂದೇ ಧರ್ಮದ ಒಬ್ಬ ಅರಸ ಓಡಿಸಿದ, ಇನ್ನೊಬ್ಬ ಕರೆದು ಕೂರಿಸಿದ. ಧರ್ಮಗ್ರಂಥವನ್ನಷ್ಟೇ ಓದಿ ಇತಿಹಾಸ ಹೇಳಹೊರಟವರು ಎಡವುವುದು ಇಲ್ಲೇ.

ಭಾರತಕ್ಕೆ ಕ್ರೈಸ್ತ ಧರ್ಮ ವಾಸ್ಕೋ ಡ ಗಾಮಾನ ಹಡಗಿನಲ್ಲಿ ಬಂತು ಎಂಬುದು ಇನ್ನೊಂದು ಹುಸಿ. ಅವನಿಗಿಂತ ಸುಮಾರು ಸಾವಿರ ವರ್ಷ ಹಿಂದೆಯೇ ಕೇರಳದಲ್ಲಿ ಸಿರಿಯನ್ ಕ್ರೈಸ್ತರಿದ್ದರು. ಗಾಮಾ ಹೊತ್ತು ತಂದದ್ದು ಯುರೋಪಿನ ಮತವೈರ. 1498ರಲ್ಲಿ ಅವನು ಕಾರವಾರದ ಕಡಲಂಚಿನ ಅಂಜದೀವ ದ್ವೀಪದಲ್ಲಿ ತಂಗಿದ್ದಾಗ ಒಬ್ಬ ಬಿಳಿಯ ಮೈಬಣ್ಣದವನು ಭೇಟಿಗೆ ಬಂದ. ಪೋರ್ಚುಗೀಸರು ‘ಸಬಾಯೊ’ ಎಂದು ಕರೆದ ಗೋವೆಯ ಒಡೆಯನ ಚಾಕರಿಯವನು ಅವನು. ಆ ಒಡೆಯ ವಿಜಯಪುರದ ಯೂಸುಫ್ ಆದಿಲ್ ಖಾನನೇ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಗೂಢಚಾರನೆಂದು ಸಂಶಯಪಟ್ಟು ಹಿಡಿದು ಹಿಂಸಿಸಿದಾಗ ಅವನು ಹುಟ್ಟಿನಿಂದ ಯೆಹೂದ್ಯ ಎಂಬುದು ಹೊರಬಿತ್ತು. ಸ್ಪೇನ್ 1492ರಲ್ಲಿ ಯೆಹೂದ್ಯರನ್ನು ಹೊರಗಟ್ಟಿತ್ತು, ಪೋರ್ಚುಗಲ್ 1497ರಲ್ಲಿ ಬಲವಂತವಾಗಿ ಮತಾಂತರಿಸಿತ್ತು. ಈತನಿಗೂ ದೀಕ್ಷಾಸ್ನಾನವಾಯಿತು; ಗ್ಯಾಸ್ಪರ್ ಡ ಗಾಮಾ ಎಂಬ ಹೊಸ ಹೆಸರು ಬಂತು. ಮುಂದೆ ಪೋರ್ಚುಗೀಸ್ ನಾವಿಕ ಕಬ್ರಾಲನೊಂದಿಗೆ ಬ್ರೆಜಿಲ್ ತೀರವನ್ನೂ ಕಂಡ. ಯೆಹೂದ್ಯನಾಗಿ ಹುಟ್ಟಿ, ಮುಸ್ಲಿಂ ದೊರೆಯ ಸೇವೆ ಮಾಡಿ, ಕ್ರೈಸ್ತ ಹೆಸರು ಹೊತ್ತು ಬದುಕಿದ ಈ ಒಬ್ಬನ ಜೀವನದಲ್ಲಿ ಮೂರೂ ಧರ್ಮಗಳ ಆ ಕಾಲದ ಸಂಬಂಧ ಪೂರ್ತಿ ಕಾಣುತ್ತದೆ.

ಗೋವೆ 1510ರಲ್ಲಿ ಆದಿಲ್‌ಶಾಹಿಗಳ ಕೈತಪ್ಪಿತು. ಅದರ ನಂತರದ ಕಾದಾಟಗಳನ್ನು ಇಸ್ಲಾಂ ಮತ್ತು ಕ್ರೈಸ್ತ ಧರ್ಮಗಳ ಯುದ್ಧ ಎಂದು ಹೇಳುವುದುಂಟು. ಆದರೆ ಗೋವೆಯನ್ನು ಹಿಡಿಯಲು ಪೋರ್ಚುಗೀಸರಿಗೆ ನೆರವಾದವನು ಹೊನ್ನಾವರದ ಹಿಂದೂ ನೌಕಾನಾಯಕ ತಿಮ್ಮಯ್ಯ. ಮೊದಲ ಅಲಿ ಆದಿಲ್‌ಶಾಹ 1561ರಲ್ಲಿ ಧರ್ಮಚರ್ಚೆಗೆಂದು ಗೋವೆಯಿಂದ ಪಾದ್ರಿಗಳನ್ನು ವಿಜಯಪುರಕ್ಕೆ ಕರೆಸಿಕೊಂಡ. ಅವನೇ 1570ರಲ್ಲಿ ಗೋವೆಗೆ ಮುತ್ತಿಗೆ ಹಾಕಿದ, 1571ರಲ್ಲಿ ಒಪ್ಪಂದ ಮಾಡಿಕೊಂಡ. ಬಂದರು, ಕುದುರೆ ವ್ಯಾಪಾರ, ಸುಂಕ ಈ ಜಗಳಗಳ ಬೇರು. ನಿಜವಾದ ಮತಹಿಂಸೆ ನಡೆದದ್ದು ಗೋವೆಯ ಒಳಗೆ. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯ ಶುರುವಾದಾಗ ಅದರ ಕಣ್ಣು ಮೊದಲು ಬಿದ್ದವರಲ್ಲಿ ಯೆಹೂದ್ಯ ಮೂಲದ ‘ಹೊಸ ಕ್ರೈಸ್ತ’ರಿದ್ದರು. ಭಾರತದ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಹೆಸರಾಂತ ಗ್ರಂಥ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ಡ ಓರ್ತಾ ಅಂಥವನೇ. ಅವನ ತಂಗಿಯನ್ನು 1569ರಲ್ಲಿ ಜೀವಂತ ಸುಟ್ಟರು. 1568ರಲ್ಲಿ ಸತ್ತಿದ್ದ ಅವನ ಮೂಳೆಗಳನ್ನೂ 1580ರಲ್ಲಿ ಗೋರಿಯಿಂದ ಅಗೆದು ತೆಗೆದು ಸುಟ್ಟರು. ಅದೇ ಹೊತ್ತಿಗೆ ಉತ್ತರ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಯೆಹೂದ್ಯರು ಗಾಣದ ಎಣ್ಣೆ ತೆಗೆದು ಬದುಕುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಅವರನ್ನು ನೆರೆಹೊರೆಯವರು ‘ಶನಿವಾರ ತೇಲಿ’ ಎಂದು ಕರೆದರೇ ಹೊರತು ಯಾರೂ ಕಾಡಲಿಲ್ಲ.

ಆದಿಲ್‌ಶಾಹಿಗಳ ಸಂಗತಿಗಳನ್ನು ಅಂದಿನ ಗ್ರಂಥಗಳಲ್ಲೇ ನೋಡಲು ಫಾರಸಿ ಬರಲೇಬೇಕೆಂದಿಲ್ಲ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ವಿಜಯಪುರದ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಫಾರಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರಿಸಿ ಸಂಪುಟಗಳಾಗಿ ಪ್ರಕಟಿಸಿದೆ. ವಾಟ್ಸಾಪಿನಲ್ಲಿ ಬರುವ ಇತಿಹಾಸವನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಆ ಸಂಪುಟಗಳ ನಾಲ್ಕು ಪುಟ ತಿರುವಿ ನೋಡಬೇಕು.