ಪಾರ್ಶ್ವಾನವಧಾನವೂ ಅದರ ಚಿಕಿತ್ಸಾಕ್ರಮಗಳೂ

ಮಿದುಳಿನ ಬಲಾರ್ಧದಲ್ಲಿ ರಕ್ತಸಂಚಾರವು ತಡೆದುದರಿಂದಲೋ ರಕ್ತನಾಳವು ಒಡೆದುದರಿಂದಲೋ ಆಘಾತವುಂಟಾದಾಗ, ರೋಗಿಗೆ ಎಡಭಾಗದ ಪಾರ್ಶ್ವವಾಯುವಲ್ಲದೆ ವಿಚಿತ್ರವಾದ ಮತ್ತೊಂದು ವಿಕಾರವೂ ಅನೇಕವೇಳೆ ಪ್ರಾಪ್ತವಾಗುವುದು. ಆತನು ತಟ್ಟೆಯ ಬಲಭಾಗದ ಅನ್ನವನ್ನು ಮಾತ್ರ ಉಂಡು ಎಡಭಾಗದ್ದನ್ನು ಹಾಗೆಯೇ ಬಿಡುವನು. ಮುಖದ ಬಲಗಡೆಯನ್ನಷ್ಟೇ ಕ್ಷೌರಮಾಡಿಕೊಳ್ಳುವನು. ಎಡಗಡೆ ನಿಂತು ಮಾತನಾಡಿಸಿದವರಿಗೆ ಬಲಗಡೆ ತಿರುಗಿ ಉತ್ತರ ಕೊಡುವನು. ಕಣ್ಣಿನಲ್ಲಿ ದೋಷವಿಲ್ಲದಿದ್ದರೂ ಹೀಗಾಗುವುದುಂಟು. ಆಂಗ್ಲ ವೈದ್ಯಗ್ರಂಥಗಳಲ್ಲಿ ಇದನ್ನು ‘ನೆಗ್ಲೆಕ್ಟ್’ ಎಂದು ಕರೆದಿರುವುದರಿಂದ ಕನ್ನಡದಲ್ಲಿ ‘ಉಪೇಕ್ಷೆ’ ಎನ್ನಬಹುದೆಂದು ಮೊದಲು ತೋರುವುದು. ಆದರೆ ಉಪೇಕ್ಷೆಯೆಂದರೆ ಕಂಡೂ ಕಾಣದಂತಿರುವುದು. ಅದರಲ್ಲಿ ಇಚ್ಛೆಯ ಅಂಶವಿದೆ. ಈ ರೋಗಿಯಾದರೋ ತಾನು ಏನನ್ನಾದರೂ ಬಿಟ್ಟಿರುವೆನೆಂಬುದನ್ನೇ ಅರಿಯನು. ಆದುದರಿಂದ ‘ಪಾರ್ಶ್ವಾನವಧಾನ’ವೆಂಬ ಶಬ್ದವೇ ಹೆಚ್ಚು ಸಮಂಜಸವು. ಇದು ಬರಿಯ ಶಬ್ದವಿಚಾರವಲ್ಲ. ಮನೆಯವರು ರೋಗಿಯನ್ನು ಉದಾಸೀನನೆಂದು ಗದರಿಸುವುದೂ ಬಿಡುವುದೂ ಈ ತಿಳಿವನ್ನೇ ಅವಲಂಬಿಸಿದೆ.

ಅನವಧಾನವು ಹೊರಗಿನ ವಸ್ತುಗಳಿಗೆ ಮಾತ್ರ ಸೀಮಿತವಲ್ಲವೆಂಬುದನ್ನು ೧೯೭೮ರಲ್ಲಿ ಬಿಸಿಯಾಕ್ ಮತ್ತು ಲುಜ್ಜಾತ್ತಿ ಎಂಬ ಇಟಲಿಯ ಪಂಡಿತರು ಪ್ರಕಟಪಡಿಸಿದರು. ಮಿಲಾನ್ ನಗರದ ಇಬ್ಬರು ರೋಗಿಗಳಿಗೆ, ತಮಗೆ ಸುಪರಿಚಿತವಾದ ಪ್ರಧಾನ ದೇವಾಲಯದ ಚೌಕದಲ್ಲಿ, ದೇವಾಲಯಕ್ಕೆ ಅಭಿಮುಖವಾಗಿ ನಿಂತಂತೆ ಭಾವಿಸಿ ಕಂಡುದನ್ನು ವರ್ಣಿಸಬೇಕೆಂದು ಹೇಳಲಾಯಿತು. ಅವರು ಮುಖ್ಯವಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಅನಂತರ ದೇವಾಲಯದ ಬಾಗಿಲಿನಿಂದ ಚೌಕವನ್ನು ನೋಡುತ್ತಿರುವಂತೆ ಭಾವಿಸಲು ಹೇಳಿದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳು ನೆನಪಿಗೆ ಬಂದುವು. ಮೊದಲು ಹೇಳಿದ್ದುವು ಬಿಟ್ಟುಹೋದುವು. ಸ್ಮೃತಿಯು ನಷ್ಟವಾಗಿರಲಿಲ್ಲ, ಮನೋದೃಷ್ಟಿಯೂ ಎಡಕ್ಕೆ ತಿರುಗಲಾರದಾಗಿತ್ತು. ಇಂದ್ರಿಯದೊಡನೆ ಮನಸ್ಸಿನ ಸಂಯೋಗವಿಲ್ಲದೆ ಪ್ರತ್ಯಕ್ಷಜ್ಞಾನವು ಹುಟ್ಟದೆಂದು ನೈಯಾಯಿಕರು ಹೇಳುವರು. ಆದರೆ ಒಂದೇ ಇಂದ್ರಿಯದ ವಿಷಯದಲ್ಲಿ ಅರ್ಧವನ್ನು ಹಿಡಿದು ಅರ್ಧವನ್ನು ಬಿಡುವ ಮನಸ್ಸಿಗೆ, ಮನಸ್ಸು ಅಣುವೆಂಬ ಅವರ ಮತದಲ್ಲಿ ಸಮಾಧಾನ ಹೇಳುವುದು ಕಷ್ಟ.

ಚಿಕಿತ್ಸಕನಿಗೆ ಒದಗುವ ಮುಖ್ಯ ತೊಡಕು ಇದರಿಂದಲೇ ಸ್ಪಷ್ಟವಾಗುವುದು. ಇಲ್ಲವೆಂದು ತಿಳಿಯದುದನ್ನು ಹುಡುಕೆಂದು ಹೇಗೆ ವಿಧಿಸುವುದು? ೧೯೭೭ರಲ್ಲಿ ವೈನ್‌ಬರ್ಗ್, ಡಿಲ್ಲರ್ ಮೊದಲಾದ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಕ್ರಮವು ವಿಧಿಯನ್ನೇ ನಂಬಿದ್ದಿತು. ಪುಟದ ಎಡ ಅಂಚಿನಲ್ಲಿ ಒಂದು ದಪ್ಪನಾದ ಗೆರೆಯಿರುವುದು. ಗೆರೆಯು ಕಾಣುವವರೆಗೆ ರೋಗಿಯು ಓದಲು ಆರಂಭಿಸಕೂಡದು. ಅಭ್ಯಾಸವು ಬಲಿತಂತೆ ಆ ಆಸರೆಯನ್ನು ಕ್ರಮಕ್ರಮವಾಗಿ ತೆಗೆಯಲಾಗುವುದು. ಇದು ಫಲಕಾರಿಯಾದರೂ ಪುಟದಲ್ಲಿ ಕಲಿತುದು ಬೀದಿಯಲ್ಲಿಯೂ ಬರುವುದೆಂಬ ಭರವಸೆಯಿಲ್ಲ.

ಫ್ರಾನ್ಸ್ ದೇಶದ ರೊಸೆಟ್ಟಿ ಮತ್ತು ಸಹೋದ್ಯೋಗಿಗಳು ೧೯೯೮ರಲ್ಲಿ ತೋರಿಸಿದ ಮಾರ್ಗವು ಇದಕ್ಕೆ ವಿಪರೀತವಾದುದು. ನೋಟವನ್ನು ೧೦ ಅಂಶಗಳಷ್ಟು ಬಲಕ್ಕೆ ಸರಿಸುವ ಗಾಜಿನ ಪಟ್ಟಕಗಳನ್ನು ಕನ್ನಡಕದಂತೆ ಧರಿಸಿ, ರೋಗಿಯು ಎದುರಿನ ಗುರಿಯನ್ನು ಸುಮಾರು ೫೦ ಬಾರಿ ಬೆರಳಿನಿಂದ ತೋರಿಸತಕ್ಕುದು. ಮೊದಲು ಕೈಯು ಗುರಿಯಿಂದ ಬಲಕ್ಕೆ ಬೀಳುವುದು. ಬರಬರುತ್ತ ತಾನೇ ಎಡಕ್ಕೆ ತಿದ್ದಿಕೊಳ್ಳುವುದು. ಪಟ್ಟಕಗಳನ್ನು ತೆಗೆದಮೇಲೂ ಆ ಎಡಗಡೆಯ ಒಲವು ಉಳಿದು, ಗೆರೆಯ ಮಧ್ಯವನ್ನು ಗುರುತಿಸುವುದು, ಚಿತ್ರ ಬರೆಯುವುದು, ಓದುವುದು ಇವುಗಳಲ್ಲಿ ಕನಿಷ್ಠಪಕ್ಷ ಎರಡು ಗಂಟೆಗಳ ಕಾಲ ಸುಧಾರಣೆ ಕಂಡಿತು. ಇಲ್ಲಿ ರೋಗಿಯ ಇಚ್ಛೆಯನ್ನು ಬೇಡುವ ಅಗತ್ಯವೇ ಇಲ್ಲ. ಎರಡು ವಾರಗಳ ಅಭ್ಯಾಸದಿಂದ ಐದು ವಾರಗಳವರೆಗೆ ಫಲವುಳಿದುದನ್ನು ಫ್ರಾಸ್ಸಿನೆತ್ತಿ ಮೊದಲಾದವರು ೨೦೦೨ರಲ್ಲಿ ವರದಿ ಮಾಡಿದರು. ಎಲ್ಲ ಪರೀಕ್ಷೆಗಳಲ್ಲಿಯೂ ಹೀಗಾಗಲಿಲ್ಲ.

ಎಡಕಿವಿಗೆ ತಣ್ಣೀರು ಹಾಯಿಸಿದರೆ ವಿಕಾರವು ಕೆಲವು ನಿಮಿಷ ಮಾಯವಾಗುವುದುಂಟು. ಎಡಕತ್ತಿನ ಸ್ನಾಯುವನ್ನು ಕಂಪಿಸುವುದೂ ಎಡಗೈಯನ್ನು ಆಡಿಸುವುದೂ ಪ್ರಯೋಗದಲ್ಲಿವೆ. ಮೊದಲ ವಾರಗಳಲ್ಲಿ ಅನೇಕರು ಸ್ವತಃ ಚೇತರಿಸಿಕೊಳ್ಳುವುದರಿಂದ ಗುಣವು ಔಷಧದ್ದೋ ಕಾಲದ್ದೋ ಎಂದು ನಿರ್ಣಯಿಸುವುದು ಸುಲಭವಲ್ಲ. ಅರವತ್ತಕ್ಕೂ ಹೆಚ್ಚು ಪರೀಕ್ಷೆಗಳನ್ನು ತೂಗಿದ ಕಾಕ್ರೇನ್ ಸಂಸ್ಥೆಯ ೨೦೨೧ರ ವಿಮರ್ಶೆಯು, ನಿತ್ಯಜೀವನದಲ್ಲಿ ಸ್ಥಿರವಾದ ಪ್ರಯೋಜನವು ಯಾವ ಕ್ರಮದಿಂದಲೂ ಸಿದ್ಧಪಟ್ಟಿಲ್ಲವೆಂದು ಹೇಳಿದೆ. ಇದರಿಂದ ಚಿಕಿತ್ಸೆ ವ್ಯರ್ಥವೆಂದು ಭಾವಿಸಲಾಗದು. ಪ್ರಮಾಣವು ಸಾಲದೆಂಬುದಷ್ಟೇ ಅದರ ತಾತ್ಪರ್ಯ.

ಕನ್ನಡವನ್ನು ಕಲಿಸುವವರಿಗೆ ಇಲ್ಲೊಂದು ವಿಶೇಷವುಂಟು. ಎಡದಿಂದ ಬಲಕ್ಕೆ ಸಾಗುವ ನಮ್ಮ ಲಿಪಿಯಲ್ಲಿ ಈ ರೋಗಿಗೆ ತಪ್ಪುವುದು ಸಾಲಿನ ಮೊದಲು, ಶಬ್ದದ ಮೊದಲು. ‘ಅನ್ಯಾಯ’ವು ‘ನ್ಯಾಯ’ವಾಗಿಯೂ ‘ಅಧರ್ಮ’ವು ‘ಧರ್ಮ’ವಾಗಿಯೂ ಓದಲ್ಪಡುವ ಸಂಭವವುಂಟು, ಉಳಿದುದೂ ಅರ್ಥವುಳ್ಳ ಶಬ್ದವೇ ಆದುದರಿಂದ ತಪ್ಪು ಗೋಚರಿಸದು. ಆದರೆ ಷಟ್ಪದಿಯ ಆರು ಪಾದಗಳಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂಬುದು ಆದಿಪ್ರಾಸದ ನಿಯಮ. ಪಾದವನ್ನು ನಡುವಿನಿಂದ ಓದಿದರೆ ಪ್ರಾಸವು ಕೆಟ್ಟು, ಕಣ್ಣು ಅರಿಯದುದನ್ನು ಕಿವಿಯು ಅರಿಯುವುದು. ಅಮೆರಿಕದವರು ಅಂಚಿನ ಗೆರೆಯಿಂದ ಮಾಡಿಸಿದ ಕೆಲಸವನ್ನು ನಮ್ಮ ಛಂದಸ್ಸು ಪಾದದ ಒಳಗಿನಿಂದಲೇ ಮಾಡಿಸಬಹುದೇ ಎಂಬುದು ವೈದ್ಯರೂ ಉಪಾಧ್ಯಾಯರೂ ಕೂಡಿ ಪರೀಕ್ಷಿಸತಕ್ಕ ವಿಷಯ. ಅಂತ್ಯಪ್ರಾಸಕ್ಕೆ ಈ ಗುಣವಿಲ್ಲ. ಅದಿರುವುದು ರೋಗಿಯು ಬಿಡದ ಬಲತುದಿಯಲ್ಲಿ. ಕಂಠಸ್ಥವಾದ ಪದ್ಯಗಳನ್ನು ಕೊಟ್ಟರೆ ನಾಲಗೆಯೇ ಬಿಟ್ಟುದನ್ನು ತುಂಬಿಕೊಳ್ಳುವುದರಿಂದ, ರೋಗಿಯು ಹಿಂದೆ ಓದದಿರುವ ಪದ್ಯಗಳನ್ನೇ ಇದಕ್ಕೆ ಆರಿಸತಕ್ಕುದು.