ಚಳಿಗಾಲದ ಟೈರು: ಮಾಂಟ್ರಿಯಲ್‌ಗೆ ಬೇಕು, ಮುಂಡರಗಿಗೆ ಬೇಡ

ನವೆಂಬರ್ ಕಳೆಯುವ ಹೊತ್ತಿಗೆ ಶಿರಹಟ್ಟಿ-ಲಕ್ಷ್ಮೇಶ್ವರ ಸೀಮೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ನೆಂಟರು ಬಂದಿಳಿಯುತ್ತಾರೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಇವು. ಹಿಮ ಬಿದ್ದು ಮೇವು ಮುಚ್ಚಿಹೋಗುವ ನಾಡಿನಿಂದ ಬಂದ ಈ ಹಕ್ಕಿಗಳಿಗೆ ಗದಗ ಜಿಲ್ಲೆಯ ಚಳಿ ಚಳಿಯೇ ಅಲ್ಲ. ಅವನ್ನು ನೋಡಲು ಗದಗ-ಬೆಟಗೇರಿಯಿಂದ ರವಿವಾರ ಬೆಳಿಗ್ಗೆ ಕಾರು ಮಾಡಿಕೊಂಡು ಬರುವವರು ಮಾತ್ರ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಇಳಿಯುತ್ತಾರೆ.

ಹಕ್ಕಿಗಳು ಹಿಮ ಬಿಟ್ಟು ಇತ್ತ ಬಂದರೆ, ಈ ಊರುಗಳ ಮಕ್ಕಳು ಓದು, ನೌಕರಿ ಎಂದು ಹಿಮದ ನಾಡುಗಳಿಗೆ ಅತ್ತ ಹೋಗುತ್ತಿದ್ದಾರೆ. ಅಲ್ಲಿಯ ಮೊದಲ ಚಳಿಗಾಲದಲ್ಲಿ ಮಗನೋ ಮಗಳೋ ಫೋನಿನಲ್ಲಿ, ಕಾರಿಗೆ ಇನ್ನೊಂದು ಜೊತೆ ಟೈರು ಕೊಳ್ಳಬೇಕಾಗಿದೆ ಎಂದರೆ ಮನೆಯಲ್ಲಿ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ. “ಬ್ಯಾಸಿಗಿಗೆ ಒಂದ ಸೆಟ್, ಥಂಡಿಗೆ ಒಂದ ಸೆಟ್ ಅಂದ್ರ ಏನೋ ತಮ್ಮಾ? ಇದ್ದ ಟೈರ್ ಇನ್ನೂ ಹೊಸಾವು ಅದಾವಲ್ಲ. ರೊಕ್ಕ ಹೆಚ್ಚಾಗೇತೇನು?”

ಮುಂಡರಗಿಯಲ್ಲಿ ಕುಳಿತು ಹೇಳಿದ ಈ ಮಾತು ಮುಂಡರಗಿಗೆ ಸರಿ. ಮಾಂಟ್ರಿಯಲ್‌ನಲ್ಲಿ ಅದೇ ಮಾತು ಪಾಲಿಸಿದರೆ ಜೀವಕ್ಕೆ ಅಪಾಯ. ವ್ಯತ್ಯಾಸವಿರುವುದು ರಬ್ಬರಿನ ಸ್ವಭಾವದಲ್ಲಿ.

ರಬ್ಬರಿಗೂ ಚಳಿಯಾಗುತ್ತದೆ

ಮರದಿಂದ ಇಳಿಸಿದ ಕಚ್ಚಾ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. ಈ ಕಾರಣಕ್ಕೆ 19ನೆಯ ಶತಮಾನದ ಮೊದಲ ದಶಕಗಳಲ್ಲಿ ರಬ್ಬರಿನ ವಸ್ತುಗಳನ್ನು ಮಾಡಿದವರೆಲ್ಲ ಕೈಸುಟ್ಟುಕೊಂಡಿದ್ದರು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಸುವ ವಿಧಾನ ಕಂಡುಹಿಡಿದ ಮೇಲೆ ಸ್ಥಿತಿ ಬದಲಾಯಿತು. ಗಂಧಕದ ಪರಮಾಣುಗಳು ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತವೆ. ಹಾಗಾಗಿ ಎಳೆದರೆ ರಬ್ಬರು ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಗುಡ್‌ಇಯರ್ 1860ರಲ್ಲಿ ಸಾಲಗಾರನಾಗಿಯೇ ಸತ್ತ. ಅವನ ಹೆಸರಿನ ಟೈರು ಕಂಪನಿ ಹುಟ್ಟಿದ್ದು 1898ರಲ್ಲಿ. ಅದಕ್ಕೂ ಅವನಿಗೂ ಹೆಸರಿನ ಹೊರತು ಬೇರೆ ಸಂಬಂಧವಿರಲಿಲ್ಲ.

ಗಂಧಕದ ಗಂಟು ಬಿದ್ದರೂ ಉಷ್ಣಾಂಶದ ಹಿಡಿತದಿಂದ ರಬ್ಬರು ಪೂರ್ತಿ ಬಿಡಿಸಿಕೊಳ್ಳಲಿಲ್ಲ. ತಂಪಾದಷ್ಟೂ ಅದರ ಅಣುಸರಪಳಿಗಳ ಚಲನೆ ಕುಗ್ಗುತ್ತದೆ, ಮೃದುತ್ವ ಕಡಿಮೆಯಾಗುತ್ತದೆ. ಇದನ್ನು ಜಗತ್ತಿಗೆ ತೋರಿಸಿದ್ದು ಒಂದು ಲೋಟ ಐಸ್ ನೀರು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡುಗಳಲ್ಲಿ ನಾಶವಾಗಿ ಏಳು ಜನ ಗಗನಯಾತ್ರಿಗಳು ತೀರಿಕೊಂಡರು. ವಿಚಾರಣಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ರಾಕೆಟ್ಟಿನ ಕೀಲುಗಳಲ್ಲಿ ಬಳಸುತ್ತಿದ್ದ ರಬ್ಬರ್ ಉಂಗುರದ ತುಂಡೊಂದನ್ನು ಹಿಡಿಕೆಯಲ್ಲಿ ಅದುಮಿ ಐಸ್ ನೀರಿನಲ್ಲಿ ಅದ್ದಿದರು. ಹೊರಗೆ ತೆಗೆದು ಹಿಡಿಕೆ ಸಡಿಲಿಸಿದಾಗ ರಬ್ಬರು ಕೂಡಲೇ ಮೊದಲಿನ ಆಕಾರಕ್ಕೆ ಮರಳಲಿಲ್ಲ. ಉಡಾವಣೆಯ ಆ ಬೆಳಗಿನ ಚಳಿಗೆ ಬಿರುಸಾದ ಉಂಗುರ ಸಂದನ್ನು ಮುಚ್ಚಲಾರದೆ ಹೋಗಿತ್ತು.

ಟೈರಿನ ಕಥೆಯೂ ಇದೇ. ರಸ್ತೆಯ ಮೇಲ್ಮೈ ನೋಡಲು ನುಣುಪಾಗಿದ್ದರೂ ಅದರಲ್ಲಿ ಸಾವಿರಾರು ಸಣ್ಣ ಉಬ್ಬುತಗ್ಗುಗಳಿವೆ. ಮೃದುವಾದ ರಬ್ಬರು ಆ ತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಬಿರುಸಾದದ್ದು ಮೇಲೆಮೇಲೆ ಜಾರುತ್ತದೆ. ಸಾಮಾನ್ಯ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುತ್ತದೆ ಎಂಬುದು ಟೈರು ತಯಾರಕರು ಹೇಳುವ ಸ್ಥೂಲ ಲೆಕ್ಕ. ಆದ್ದರಿಂದ ಹಿಮ ಬೀಳದಿದ್ದರೂ, ಕೊರೆಯುವ ಚಳಿಯ ಒಣ ರಸ್ತೆಯಲ್ಲಿ ಕೂಡ ಅದರ ಹಿಡಿತ ಕಡಿಮೆ. ಚಳಿಗಾಲದ ಟೈರಿಗೆ ಶೂನ್ಯಕ್ಕಿಂತ ಕೆಳಗೂ ಮೃದುವಾಗಿಯೇ ಉಳಿಯುವಂಥ ರಬ್ಬರ್ ಮಿಶ್ರಣ ಬೇಕು. ಮರಳಿನಲ್ಲಿರುವ ಸಿಲಿಕಾವನ್ನೇ ನುಣ್ಣನೆಯ ಪುಡಿಯ ರೂಪದಲ್ಲಿ ಇದಕ್ಕೆ ಬೆರೆಸುತ್ತಾರೆ.

ಇನ್ನು ಗದಗದ ಲೆಕ್ಕ ನೋಡೋಣ. ಡಿಸೆಂಬರ್-ಜನವರಿಯ ನಸುಕಿನಲ್ಲಿ ಇಲ್ಲಿಯ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಧ್ಯಾಹ್ನಕ್ಕೆ 30ರ ಹತ್ತಿರ ಏರುತ್ತದೆ. 7 ಡಿಗ್ರಿಯ ಮಾತೇ ಏಳುವುದಿಲ್ಲ. ಬದಲಿಗೆ ಏಪ್ರಿಲ್ ತಿಂಗಳಲ್ಲಿ ಕಾದ ಡಾಂಬರಿನ ಮೇಲೆ ಚಳಿಗಾಲದ ಟೈರು ಅತಿಯಾಗಿ ಮೆತ್ತಗಾಗಿ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ. ‘ಫಾರಿನ್ನಿನದು, ಎಲ್ಲಕ್ಕೂ ಆಗುತ್ತದೆ’ ಎಂಬ ಮಾತು ನಂಬಿ ಇಲ್ಲಿ ಅಂಥ ಟೈರು ಹಾಕಿಸುವುದು ಮೇ ತಿಂಗಳಲ್ಲಿ ಕಂಬಳಿ ಕೋಟು ತೊಟ್ಟಂತೆ.

ಹಿಮ ಹಿಡಿಯುವ ಗೆರೆ, ಕೆಸರು ಬಿಡುವ ಗೆರೆ

ಹಿಮದ ಟೈರು ಎಂದರೆ ಆಳವಾದ ಗೆರೆಯ ಟ್ರ್ಯಾಕ್ಟರ್ ಟೈರಿನಂಥದ್ದು ಎಂದು ಹಲವರ ಕಲ್ಪನೆ. ಎರಡೂ ಜಾರುವ ನೆಲಕ್ಕಾಗಿಯೇ ಹುಟ್ಟಿದವು ನಿಜ, ಆದರೆ ಕೆಲಸ ಮಾಡುವ ರೀತಿ ತದ್ವಿರುದ್ಧ.

ಎರೆ ಹೊಲದಲ್ಲಿ ಚಕ್ಕಡಿ ಹೊಡೆದವರಿಗೆ ಎರೆಮಣ್ಣಿನ ಗುಣ ಗೊತ್ತು. ಅದರೊಳಗಿನ ಜೇಡಿಯ ಕಣಗಳು ತೆಳ್ಳನೆಯ ಹಾಳೆಗಳಂತಿವೆ. ಮಳೆ ಬಿದ್ದಾಗ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಗಾಲಿಗೆ ಮೆತ್ತಿದ ಆ ಮಣ್ಣು ಗೆರೆಗಳನ್ನು ತುಂಬಿಬಿಟ್ಟರೆ ಹೊಸ ಟೈರೂ ಬೋಳು ಟೈರಿನಂತಾಗುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಬಾಣದಂತೆ ಓರೆಯಾಗಿ ನಿಂತ, ಎತ್ತರದ, ದೂರದೂರದ ಗಟ್ಟಿ ಪಟ್ಟಿಗಳಿರುವುದು ಚಕ್ರ ತಿರುಗಿದಂತೆ ಮಣ್ಣನ್ನು ಬದಿಗೆ ತಳ್ಳಿ ಉದುರಿಸಲೆಂದೇ. ಟೈರನ್ನು ತಿರುವಿ ಕೂಡಿಸಿದರೆ ಅದೇ ಪಟ್ಟಿಗಳು ಕೆಸರನ್ನು ಒಳಕ್ಕೆ ಎಳೆದು ಕೂರಿಸಿಕೊಳ್ಳುತ್ತವೆ. ತಿರುಗುವ ದಿಕ್ಕನ್ನು ತೋರಿಸುವ ಬಾಣದ ಗುರುತು ಟೈರಿನ ಪಕ್ಕದಲ್ಲಿರುತ್ತದೆ.

ಹಿಮದ ಟೈರು ಹಿಮವನ್ನು ಉದುರಿಸುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಹಿಮದ ಉಂಡೆ ಕಟ್ಟುವ ಮಕ್ಕಳನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ಅದುಮಿದ ಹಿಮ ಹಿಮಕ್ಕೇ ಅಂಟುತ್ತದೆ. ಟೈರಿನ ಗೆರೆಗಳಲ್ಲಿ ಸಿಕ್ಕಿದ ಹಿಮ ರಸ್ತೆಯ ಮೇಲಿನ ಹಿಮವನ್ನು ಕಚ್ಚಿಕೊಳ್ಳುತ್ತದೆ. ಬರಿಯ ರಬ್ಬರಿಗಿಂತ ಇದರ ಹಿಡಿತ ಹೆಚ್ಚು. ಇದರ ಜೊತೆಗೆ ರಬ್ಬರಿನ ಪ್ರತಿ ಗಟ್ಟಿಯ ಮೇಲೂ ಬ್ಲೇಡಿನಿಂದ ಸೀಳಿದಂಥ ಹತ್ತಾರು ಸಣ್ಣ ಸೀಳುಗಳಿರುತ್ತವೆ. ಬ್ರೇಕ್ ಒತ್ತಿದಾಗ ಇವು ಬಾಗಿ ತಮ್ಮ ಅಂಚುಗಳಿಂದ ನೆಲವನ್ನು ಕೆರೆದು ಹಿಡಿಯುತ್ತವೆ. ಗಾಜಿನಂಥ ಬರ್ಫದ ಮೇಲೆ ಇದೂ ಸಾಲದು. ಅದಕ್ಕೆ ಕೆಲವು ದೇಶಗಳಲ್ಲಿ ಟೈರಿಗೆ ಲೋಹದ ಮೊಳೆ ಬಡಿಸುತ್ತಾರೆ. ಲಡಾಖಿನಲ್ಲಿ ಸೇನೆಯ ಲಾರಿಗಳ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುವುದೂ ಈ ಕಾರಣಕ್ಕೇ.

ಎಷ್ಟು ವ್ಯತ್ಯಾಸವಾದೀತು? ಹೈಸ್ಕೂಲು ಮುಗಿಸಿದ ವಿದ್ಯಾರ್ಥಿ ತಾನೇ ಲೆಕ್ಕ ಹಾಕಬಹುದು. ವೇಗದ ವರ್ಗವನ್ನು ಘರ್ಷಣಾ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಬ್ರೇಕ್ ಹಿಡಿದ ಮೇಲೆ ಕಾರು ಸಾಗುವ ದೂರ ಸಿಗುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಒಣ ಡಾಂಬರಿನ ಮೇಲೆ ಗುಣಾಂಕವನ್ನು 0.8 ಎಂದು ಹಿಡಿದರೆ ಕಾರು ಸುಮಾರು 17 ಮೀಟರಿನಲ್ಲಿ ನಿಲ್ಲುತ್ತದೆ. ಅದುಮಿದ ಹಿಮದ ಮೇಲೆ 0.2 ಎಂದರೆ 70 ಮೀಟರ್. ಬರ್ಫದ ಮೇಲೆ 0.1 ಎಂದರೆ 140 ಮೀಟರ್! ಸರಿಯಾದ ಟೈರಿನಿಂದ 0.2 ಇದ್ದದ್ದು 0.3 ಆಯಿತೆನ್ನಿ, 70 ಮೀಟರ್ ಇದ್ದದ್ದು 46ಕ್ಕೆ ಇಳಿಯುತ್ತದೆ. ಉಳಿದ 24 ಮೀಟರಿನಲ್ಲಿ ರಸ್ತೆ ದಾಟುವ ಒಂದು ಕುಟುಂಬವೇ ಇರಬಹುದು. ಫೋನಿನಲ್ಲಿ ಕೇಳಿದ ‘ರೊಕ್ಕ’ದ ಪ್ರಶ್ನೆಗೆ ಉತ್ತರ ಈ 24 ಮೀಟರ್.

ಕೆನಡಾದ ಕ್ವಿಬೆಕ್ ಪ್ರಾಂತ ಇದನ್ನು ಪ್ರಜೆಗಳ ಮರ್ಜಿಗೆ ಬಿಟ್ಟಿಲ್ಲ. 2008ರಿಂದ ಅಲ್ಲಿ ಚಳಿಗಾಲದ ಟೈರು ಕಡ್ಡಾಯ. ಈಗಿನ ಅವಧಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ. ಜರ್ಮನಿಯಲ್ಲಿ ದಿನಾಂಕದ ಕಟ್ಟಿಲ್ಲ, ರಸ್ತೆಯಲ್ಲಿ ಹಿಮವೋ ಬರ್ಫವೋ ಇದ್ದರೆ ಸೂಕ್ತ ಟೈರು ಇರಲೇಬೇಕು. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರವನ್ನು ಹುಡುಕಬೇಕು. ಹಿಮದ ಮೇಲೆ ಪರೀಕ್ಷೆಯಾದ ಟೈರಿಗೆ ಮಾತ್ರ ಈ ಮುದ್ರೆ. ಬರಿಯ ‘ಎಂ+ಎಸ್’ ಅಕ್ಷರ ನೋಡಿ ಮೋಸ ಹೋಗಬಾರದು. ಕೆಸರು ಮತ್ತು ಹಿಮ ಎಂದು ಅದರ ಅರ್ಥವಾದರೂ ಅದಕ್ಕೆ ಅಂಥ ಪರೀಕ್ಷೆಯಿಲ್ಲ; 2024ರ ಅಕ್ಟೋಬರ್‌ನಿಂದ ಜರ್ಮನಿಯೂ ಅದನ್ನೊಂದೇ ಒಪ್ಪುವುದಿಲ್ಲ. ಹಣ ಉಳಿಸಲು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹಾಕಿಸುವ ಉಪಾಯವಂತೂ ಕೆಟ್ಟದ್ದು. ಮುಂದಿನವು ಹಿಡಿಯುತ್ತವೆ, ಹಿಂದಿನವು ಹಿಡಿಯುವುದಿಲ್ಲ. ತಿರುವಿನಲ್ಲಿ ಕಾರು ಬುಗುರಿಯಂತೆ ಸುತ್ತುತ್ತದೆ. ನಾಲ್ಕೂ ಒಂದೇ ಜಾತಿಯವು ಇರಬೇಕು.

ಗದಗ ಸೀಮೆಯ ‘ಹಿಮ’

ಹಾಗೆಂದು ಇಲ್ಲಿಯ ಚಳಿಗಾಲದ ರಸ್ತೆ ನಿರಪಾಯವೇನಲ್ಲ. ಸುಗ್ಗಿಯ ದಿನಗಳಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳ್ಳಿರಸ್ತೆಗಳಲ್ಲಿ ಹೋದವರಿಗೆ ಇದು ಗೊತ್ತು. ಕಣ ಮಾಡುವಷ್ಟು ಜಾಗವೂ ಪುರುಸೊತ್ತೂ ಇಲ್ಲದ ರೈತರು ಹುರುಳಿ, ತೊಗರಿಯ ಕಟ್ಟುಗಳನ್ನು ಡಾಂಬರಿನ ಮೇಲೇ ಹರವುತ್ತಾರೆ. ಒಕ್ಕುವ ಕೆಲಸ ಹಾದುಹೋಗುವ ವಾಹನಗಳದು. ಆದರೆ ಟೈರಿಗೂ ರಸ್ತೆಗೂ ನಡುವೆ ಒಣ ಸೊಪ್ಪಿನ ಹಾಸು ಬಂದಾಗ ಘರ್ಷಣೆ ಕಳೆದುಹೋಗುತ್ತದೆ. ಅದರ ಕೆಳಗಿನ ದುಂಡನೆಯ ಕಾಳುಗಳು ಸೈಕಲ್ಲಿನ ಬೇರಿಂಗ್ ಗುಂಡುಗಳಂತೆ ಉರುಳುತ್ತವೆ. ಕಾಂಡಗಳು ಅಚ್ಚಿಗೆ ಸುತ್ತಿಕೊಂಡು, ಬಿಸಿಯಾದ ಹೊಗೆಕೊಳವೆಗೆ ತಾಗಿ ಕಾರುಗಳಿಗೆ ಬೆಂಕಿ ಹತ್ತಿದ ಪ್ರಸಂಗಗಳೂ ರಾಜ್ಯದಲ್ಲಿ ನಡೆದಿವೆ. ಯಾವ ಟೈರೂ ಇಲ್ಲಿ ಕಾಪಾಡದು. ದೂರದಿಂದಲೇ ವೇಗ ಇಳಿಸಿ, ಬ್ರೇಕ್ ಒತ್ತದೆ, ಸ್ಟಿಯರಿಂಗ್ ಹೊರಳಿಸದೆ ನಿಧಾನವಾಗಿ ದಾಟಬೇಕು. ನಸುಕಿನಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರು ರಸ್ತೆಗೆ ಮೆತ್ತಿಹೋದ ಎರೆಮಣ್ಣಿನ ಮೇಲೆ ಇಬ್ಬನಿ ಬಿದ್ದಿದ್ದರೂ ಇದೇ ಎಚ್ಚರ ಬೇಕು.

ಆದರೂ ಟೈರು ನೋಡಿಕೊಳ್ಳದೆ ನಡೆಯದು. ಇಲ್ಲಿಗೆ ಸಾಮಾನ್ಯ ಟೈರೇ ಸಾಕು, ಆದರೆ ಅದು ಹಳೆಯದಾಗಿರಬಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿದೆ. 3224 ಎಂದಿದ್ದರೆ 2024ರ 32ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ತಾಲ್ಲೂಕು ಊರುಗಳಲ್ಲಿ ಕಾರು ಮದುವೆ, ಜಾತ್ರೆ, ಆಸ್ಪತ್ರೆಗೆಂದು ಅಪರೂಪಕ್ಕೆ ಓಡುವುದರಿಂದ ಗೆರೆ ಸವೆಯದೆ ರಬ್ಬರು ಮಾತ್ರ ಮುದಿಯಾಗುತ್ತದೆ. ಬಿಸಿಲಿಗೂ ಗಾಳಿಯ ಆಮ್ಲಜನಕಕ್ಕೂ ಒಣಗಿ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷ ತೋರಿಸಬೇಕು, ಹತ್ತು ವರ್ಷಕ್ಕೆ ಗೆರೆ ಎಷ್ಟೇ ಇರಲಿ ತೆಗೆದುಹಾಕಬೇಕೆಂದು ತಯಾರಕರು ಹೇಳುತ್ತಾರೆ. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆದು ಅಗ್ಗಕ್ಕೆ ಮಾರುವವರಿದ್ದಾರೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನಬೇಕು.

ಗಾಳಿಯ ವಿಷಯಕ್ಕೆ ಮತ್ತೆ ಪಠ್ಯಪುಸ್ತಕದ ನಿಯಮ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ನಿರಪೇಕ್ಷ ಉಷ್ಣಾಂಶಕ್ಕೆ ಅನುಪಾತದಲ್ಲಿರುತ್ತದೆ. ಬೆಳಿಗ್ಗೆ 15 ಡಿಗ್ರಿಯಲ್ಲಿ 33 ಪೌಂಡ್ ಇದ್ದ ಗಾಳಿ, ಟೈರು 35 ಡಿಗ್ರಿಗೆ ಬಿಸಿಯಾದಾಗ 36ರ ಮೇಲೇರುತ್ತದೆ. ಬಿಸಿಯಾದ ಟೈರಿನ ಗಾಳಿಯನ್ನು ‘ಹೆಚ್ಚಾಗಿದೆ’ ಎಂದು ಬಿಟ್ಟರೆ ಮರುದಿನ ನಸುಕಿಗೆ ಅದು ಕಡಿಮೆಯಾಗಿರುತ್ತದೆ. ಆದ್ದರಿಂದ ಕಾರು ಓಡುವ ಮುಂಚೆ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಹಾಕಿಸಬೇಕು. ಮಾಂಟ್ರಿಯಲ್‌ನಲ್ಲಿ 20 ಡಿಗ್ರಿಯ ಗ್ಯಾರೇಜಿನಲ್ಲಿ 33 ತುಂಬಿಸಿ ಹೊರಗಿನ ಮೈನಸ್ 20ಕ್ಕೆ ತಂದರೆ ಅದು 27ರ ಕೆಳಗಿಳಿಯುತ್ತದೆ. ಹಣ ಕೊಟ್ಟು ನೈಟ್ರೋಜನ್ ತುಂಬಿಸಿದರೆ ಈ ನಿಯಮವೇನೂ ಬದಲಾಗುವುದಿಲ್ಲ. ಪುಕ್ಕಟೆ ಗಾಳಿಯಲ್ಲೂ ಶೇ 78ರಷ್ಟು ನೈಟ್ರೋಜನ್ನೇ ಇದೆ.

ಗೆರೆಯ ಆಳಕ್ಕೆ ಕಾನೂನಿನ ಮಿತಿಯಿದೆ: ಕಾರು, ವ್ಯಾನುಗಳಿಗೆ ಕನಿಷ್ಠ 1.6 ಮಿ.ಮೀ., ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ 0.8 ಮಿ.ಮೀ. ಮಕ್ಕಳು ಶಾಲೆಗೆ ಹೋಗುವ ವ್ಯಾನು, ಆಟೋಗಳಿಗೂ ಇದು ಅನ್ವಯ. ಶಾಲೆಯ ಪ್ರಯೋಗಶಾಲೆಯಲ್ಲಿರುವ ವರ್ನಿಯರ್ ಕ್ಯಾಲಿಪರ್ಸ್‌ನ ಹಿಂಬದಿಯಿಂದ ಹೊರಬರುವ ತೆಳ್ಳನೆಯ ಕಡ್ಡಿ ಆಳ ಅಳೆಯಲೆಂದೇ ಇರುವುದು. ಮನೆಯ ವಾಹನವನ್ನೂ ಶಾಲೆಯ ವಾಹನವನ್ನೂ ವಿದ್ಯಾರ್ಥಿಗಳೇ ಅಳೆಯಬಹುದು. ವಾಹನ ನಿಂತು ಎಂಜಿನ್ ಆರಿಸಿರುವಾಗ, ದೊಡ್ಡವರ ಎದುರಿನಲ್ಲಿ, ಪ್ರತಿ ಟೈರಿನ ಎರಡೂ ಅಂಚುಗಳಲ್ಲಿ ಮತ್ತು ನಡುವೆ ಅಳೆದು ಬರೆದುಕೊಳ್ಳಬೇಕು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿ ಓಡಿದೆ, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿ ಓಡಿದೆ. ಒಂದೇ ಅಂಚು ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ. ಅದನ್ನು ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಅದೂ ಅದೇ ಅಂಚಿನಲ್ಲಿ ಸವೆಯುತ್ತದೆ.