ಅರಸನ ಅಭಯವೂ ಪ್ರಜೆಯ ಹಕ್ಕೂ

ಹಲವು ಮತಗಳ ಜನರು ಒಂದೇ ರಾಜ್ಯದಲ್ಲಿ ಬಾಳುವಾಗ ದುರ್ಬಲನಾದವನ ನಂಬಿಕೆಗೆ ಕಾವಲಾಗಿ ನಿಲ್ಲತಕ್ಕವರು ಯಾರು? ಧರ್ಮಿಷ್ಠನಾದ ಅರಸನೇ? ಮತಾಚಾರ್ಯರೇ? ಅಥವಾ ಅರಸನನ್ನೂ ಆಚಾರ್ಯರನ್ನೂ ಸಮನಾಗಿ ಬಂಧಿಸುವ ಕಾನೂನೇ? ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಯೂರೋಪಿನ ಚಿಂತಕರು ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಿದರು. ಆ ಕಾಲವನ್ನು ಚರಿತ್ರಕಾರರು ಜ್ಞಾನೋದಯದ ಯುಗವೆಂದು ಕರೆಯುತ್ತಾರೆ. ಅದಕ್ಕೆ ಮೂರು ಶತಮಾನಗಳಿಗೂ ಮೊದಲೇ ತುಂಗಭದ್ರೆಯ ತೀರದಲ್ಲಿ ಇದೇ ಪ್ರಶ್ನೆ ಎದುರಾಗಿತ್ತು; ಅದಕ್ಕೊಂದು ಉತ್ತರವೂ ದೊರೆತಿತ್ತು. ಈ ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದಲ್ಲಿ ಎರಡರ ಹಿರಿಮೆಯೂ ಎರಡರ ಮಿತಿಯೂ ತಿಳಿಯುತ್ತವೆ.

ವಿಜಯನಗರದ ಸ್ಥಾಪನೆಗೆ ಮುನ್ನ ಈ ಸೀಮೆಯನ್ನು ಆಳುತ್ತಿದ್ದವನು ಕಂಪಿಲರಾಯ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಬಂಧು ಬಹಾಉದ್ದೀನ್ ಗುರ್ಷಾಸ್ಪನು ಓಡಿಬಂದು ಮರೆಹೊಕ್ಕಾಗ ಕಂಪಿಲನು ಅವನಿಗೆ ಆಶ್ರಯವಿತ್ತನು. ಅದರ ಫಲವಾಗಿ ಕ್ರಿ.ಶ. 1327ರ ಸುಮಾರಿಗೆ ದೆಹಲಿಯ ಸೇನೆ ನುಗ್ಗಿಬಂದು ಕಂಪಿಲನ ರಾಜ್ಯವೂ ಪ್ರಾಣವೂ ಹೋದವು. ಇದರಲ್ಲಿ ರಾಜಕಾರಣವೂ ಇದ್ದಿರಬಹುದು. ಆದರೂ ಮರೆಹೊಕ್ಕವನು ಅನ್ಯಮತೀಯನೆಂಬ ಕಾರಣದಿಂದ ಆ ದೊರೆ ಅವನನ್ನು ಕೈಬಿಡಲಿಲ್ಲವೆಂಬುದು ಸ್ಮರಣೀಯ. ಶರಣಾಗತರಕ್ಷಣೆಯೆಂಬ ರಾಜಧರ್ಮವು ಕಂಪ್ಲಿಯ ನೆಲದಲ್ಲಿ ಇಷ್ಟು ದೊಡ್ಡ ಬೆಲೆಯನ್ನು ತೆತ್ತಿತು.

ವಿಜಯನಗರವು ನೆಲೆಗೊಂಡ ಬಳಿಕ, ಕ್ರಿ.ಶ. 1368ರಲ್ಲಿ, ಒಂದನೆಯ ಬುಕ್ಕರಾಯನ ಮುಂದೆ ಒಂದು ವಿವಾದ ಬಂದಿತು. ಆನೆಗೊಂದಿಯೇ ಮೊದಲಾದ ನಾಡುಗಳ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರ ಸಮಕ್ಷಮದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಗೌರವ ಜೈನರಿಗೆ ಎಂದಿನಂತೆ ಸಲ್ಲತಕ್ಕದ್ದು. ಜೈನರಿಗೆ ಒದಗಿದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸತಕ್ಕದ್ದು. ಈ ಕಟ್ಟಳೆಯನ್ನು ಬಸದಿಗಳಲ್ಲಿ ನೆಡಿಸುವ ಹೊಣೆಯೂ ವೈಷ್ಣವರದೇ. ಶ್ರವಣಬೆಳಗೊಳದ ಶಾಸನದಲ್ಲಿ ಇವೆಲ್ಲವೂ ದಾಖಲಾಗಿವೆ.

ಈ ತೀರ್ಪಿನ ನೆರಳಿನಲ್ಲಿ ಹಂಪೆ ಬೆಳೆಯಿತು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಗಾಣಿಗಿತ್ತಿ ಬಸದಿಯನ್ನು ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಕ್ರಿ.ಶ. 1385-86ರಲ್ಲಿ ಕಟ್ಟಿಸಿದನು. ಪ್ರೌಢದೇವರಾಯನು 1426ರಲ್ಲಿ ಪಾನಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ನಿರ್ಮಿಸಿದನು. ಅದೇ ಅರಸನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಮಸೀದಿಯನ್ನು ಕಟ್ಟಿಸಿ, ಶಾಸನದಲ್ಲಿ ಅದನ್ನು ಧರ್ಮಸಾಲೆಯೆಂದು ಕರೆದು, ಒಡೆಯನಿಗೆ ಪುಣ್ಯವಾಗಲೆಂದು ಅರ್ಪಿಸಿದನು.

ಆದರೆ ಬುಕ್ಕರಾಯನ ಶಾಸನವನ್ನು ಕಡೆಯವರೆಗೂ ಓದಬೇಕು. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು. ಅದಕ್ಕಾಗಿ ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣವನ್ನು ಕೊಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ನೊಂದವರೇ ತಮ್ಮ ರಕ್ಷಣೆಯ ವೆಚ್ಚವನ್ನೂ ಹೊರಬೇಕಾಯಿತು. ಅಭಯದ ಮಿತಿ ಇಲ್ಲಿದೆ. ಅದು ಕೊಡುವವನ ಔದಾರ್ಯದಿಂದ ಹುಟ್ಟುತ್ತದೆ. ಕೊಡುವವನ ಮನಸ್ಸು ತಿರುಗಿದರೆ ಉಳಿಯುವುದಿಲ್ಲ.

ಈ ಮಾತಿಗೆ ಫ್ರಾನ್ಸಿನ ಚರಿತ್ರೆಯೇ ಸಾಕ್ಷಿ. ಅಲ್ಲಿನ ನಾಲ್ಕನೆಯ ಹೆನ್ರಿಯು 1598ರಲ್ಲಿ ನಾಂಟ್ ನಗರದ ಆಜ್ಞೆಯಿಂದ ಪ್ರಾಟೆಸ್ಟೆಂಟರಿಗೆ ಅಭಯವಿತ್ತನು. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿಯು 1685ರಲ್ಲಿ ಅದನ್ನು ರದ್ದುಗೊಳಿಸಿದನು. ಲಕ್ಷಾಂತರ ಜನರು ದೇಶಬಿಟ್ಟರು. ಇಂಗ್ಲೆಂಡಿನ ಜಾನ್ ಲಾಕನು 1689ರಲ್ಲಿ ಪ್ರಕಟವಾದ ತನ್ನ ಪತ್ರದಲ್ಲಿ, ರಾಜ್ಯದ ಅಧಿಕಾರ ಪ್ರಜೆಗಳ ಜೀವ, ಸ್ವಾತಂತ್ರ್ಯ, ಸ್ವತ್ತುಗಳಿಗೆ ಸಂಬಂಧಿಸಿದ್ದೇ ಹೊರತು ಆತ್ಮೋದ್ಧಾರಕ್ಕಲ್ಲವೆಂದು ವಾದಿಸಿದನು. ಬಲಾತ್ಕಾರದಿಂದ ನಾಲಗೆಯನ್ನು ತಿರುಗಿಸಬಹುದು, ನಂಬಿಕೆಯನ್ನಲ್ಲ ಎಂಬುದು ಅವನ ವಾದದ ತಿರುಳು. ಆದರೂ ನಾಸ್ತಿಕರಿಗೆ ಅವನು ಈ ರಕ್ಷೆಯನ್ನು ಒಪ್ಪಲಿಲ್ಲ. ತೂಲೂಸ್ ನಗರದ ಜಾನ್ ಕಲಾಸನೆಂಬ ಪ್ರಾಟೆಸ್ಟೆಂಟ್ ವರ್ತಕನನ್ನು, ಮಗನನ್ನು ಕೊಂದನೆಂಬ ಮಿಥ್ಯಾರೋಪದ ಮೇಲೆ, 1762ರಲ್ಲಿ ಚಿತ್ರಹಿಂಸೆಯಿಂದ ಕೊಲ್ಲಲಾಯಿತು. ವಾಲ್ಟೇರನು ಮರುವರ್ಷ ಸಹನೆಯನ್ನು ಕುರಿತು ಗ್ರಂಥವನ್ನೇ ಬರೆದು ಹೋರಾಡಿದನು. 1765ರಲ್ಲಿ ಕಲಾಸನು ನಿರ್ದೋಷಿಯೆಂದು ಘೋಷಿತನಾದನು. ಅಧಿಕಾರವೆಲ್ಲ ಒಂದೇ ಕೈಯಲ್ಲಿದ್ದರೆ ಸ್ವಾತಂತ್ರ್ಯವಿಲ್ಲವೆಂದು ಮಾಂಟೆಸ್ಕ್ಯೂ 1748ರಲ್ಲಿಯೇ ತೋರಿಸಿದ್ದನು. ಅರಸನ ಅಭಯವನ್ನು ಪ್ರಜೆಯ ಹಕ್ಕಾಗಿ ಮಾರ್ಪಡಿಸಿದುದು ಈ ಚಿಂತಕರ ಮಹಾಕಾರ್ಯ.

ಇಲ್ಲಿ ಶಿವಶರಣರ ಸ್ಮರಣೆ ಸಹಜವಾಗಿ ಉಂಟಾಗುತ್ತದೆ. ಪರರ ಆಸರೆಯಿಲ್ಲದೆ ಸ್ವಂತ ಬುದ್ಧಿಯನ್ನು ಬಳಸಲಾರದ ಸ್ಥಿತಿಯಿಂದ ಹೊರಬರುವುದೇ ಜ್ಞಾನೋದಯವೆಂದು ಜರ್ಮನಿಯ ಕಾಂಟನು 1784ರಲ್ಲಿ ವಿವರಿಸಿದನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿನ ಮೇಲುಕೀಳನ್ನು ನಿರಾಕರಿಸಿ, ಕಾಯಕವನ್ನು ಗೌರವಿಸಿ, ಸ್ತ್ರೀಪುರುಷರೆಲ್ಲರಿಗೂ ಅನುಭಾವದ ಬಾಗಿಲನ್ನು ತೆರೆದವರು ಶರಣರು. ಅವರ ನೆಲೆ ಭಕ್ತಿ. ಯೂರೋಪಿನವರ ನೆಲೆ ತರ್ಕ. ಇವೆರಡನ್ನು ಒಂದೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಸಮಾನತೆಯನ್ನು ಅರಸನಿಂದ ಬೇಡದೆ ತಮ್ಮ ಬಾಳಿನಲ್ಲೇ ಆಚರಿಸಿ ತೋರಿಸಿದ ಧೈರ್ಯ ಶರಣರದು. ಅವರ ವಚನಗಳನ್ನು ಸಂಗ್ರಹಿಸುವ ಕಾರ್ಯಕ್ಕೆ ಪ್ರೌಢದೇವರಾಯನ ಕಾಲದ ವಿಜಯನಗರ ಆಶ್ರಯವಾಯಿತು. ದಂಡನಾಯಕನಾಗಿದ್ದ ಲಕ್ಕಣ್ಣನೇ ‘ಶಿವತತ್ತ್ವ ಚಿಂತಾಮಣಿ’ಯನ್ನು ರಚಿಸಿದನು.

ಅಭಯದಿಂದ ಹಕ್ಕಿನೆಡೆಗಿನ ಪಯಣ ಈ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಪೂರ್ಣವಾಯಿತು. ಸಂಡೂರು ಸಂಸ್ಥಾನದ ದೊರೆ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು 1932ರಲ್ಲಿ ಅಲ್ಲಿಯ ಪ್ರಾಚೀನ ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ಘೋಷಣೆಗಿಂತ ಇದು ನಾಲ್ಕು ವರ್ಷ ಮೊದಲು. ಘನವಾದ ಕಾರ್ಯವೇ ಸರಿ. ಆದರೂ ಅದು ದೊರೆಯ ಕೊಡುಗೆ. 1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು; 25ನೆಯ ವಿಧಿ ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನಿತ್ತಿತು. ಅಂದಿನಿಂದ ಯಾರೂ ಯಾರ ಕೃಪೆಯನ್ನೂ ಬೇಡಬೇಕಾಗಿಲ್ಲ. ನ್ಯಾಯಾಲಯದ ಮುಂದೆ ತನ್ನ ಹಕ್ಕನ್ನು ಕೇಳಬಹುದು.

ಹಾಗಾದರೆ ಬುಕ್ಕರಾಯನ ಶಾಸನದಿಂದ ಕಲಿಯುವುದು ಇನ್ನೇನೂ ಉಳಿದಿಲ್ಲವೇ? ಉಳಿದಿದೆ. ನೆರೆಯವನನ್ನು ಹಿಂಸಿಸಕೂಡದೆಂದು ಕಾನೂನು ತಡೆಯಬಲ್ಲುದು. ನೆರೆಯವನಿಗೊದಗಿದ ಹಾನಿ ತನ್ನದೆಂದು ಮರುಗುವ ಮನಸ್ಸನ್ನು ಅದು ಹುಟ್ಟಿಸಲಾರದು. 1368ರ ಶಾಸನ ವಿಧಿಸಿದ್ದು ಆ ಮನಸ್ಸನ್ನೇ. ಅಂದು ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿರಿಸಲು ಅರಸನಿದ್ದನು. ಇಂದು ಅರಸರಿಲ್ಲ. ಹಕ್ಕನ್ನು ಪಡೆದ ಪ್ರಜೆಗಳೇ ಆ ಕೆಲಸವನ್ನು ಕೈಗೊಳ್ಳಬೇಕು. ಶಾಲೆಯ ಒಂದೇ ಮಣೆಯ ಮೇಲೆ ಕುಳಿತು ಓದುವ, ದಾಸೋಹದ ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳು ಇದನ್ನು ಅರಿತು ಬೆಳೆದಲ್ಲಿ ಸಂವಿಧಾನದ ಮಾತು ಹಾಳೆಯ ಮೇಲಷ್ಟೇ ಉಳಿಯದೆ ನಡೆಯಲ್ಲಿಯೂ ನೆಲಸೀತು.